ಆ್ಯಪ್‌ಗಿಂತ ವಾರದ ಉತ್ತರವೇ ಮುಖ್ಯ: ಆನ್‌ಲೈನ್ ಥೆರಪಿಯಲ್ಲಿ ನನ್ನ ಅನುಭವ

ಆತಂಕ, ಖಿನ್ನತೆ ಇರುವ ಯೂನಿವರ್ಸಿಟಿ ವಿದ್ಯಾರ್ಥಿಗಳಿಗೆ ನಾನು ಆನ್‌ಲೈನ್‌ನಲ್ಲಿ ಥೆರಪಿ ಕೊಡುತ್ತೇನೆ. ಇದರಲ್ಲಿ ಎರಡು ಭಾಗ ಇದೆ. ಒಂದು, ಅವರೇ ಓದಿಕೊಂಡು ಮಾಡುವ ಪಾಠಗಳು. ಯೋಚನೆ, ನಡವಳಿಕೆ ಎರಡನ್ನೂ ಹಿಡಿದು ಕೆಲಸ ಮಾಡುವ ಸಿಬಿಟಿ ಪದ್ಧತಿಯವು. ಇನ್ನೊಂದು, ವಾರಕ್ಕೊಮ್ಮೆ ನಾನು ಬರೆಯುವ ಉತ್ತರ. ಅಗತ್ಯ ಬಿದ್ದಾಗ ವಿಡಿಯೊ ಕಾಲ್. ಕೇಳುವವರೆಲ್ಲ ಪಾಠದ ಬಗ್ಗೆಯೇ ಕೇಳುತ್ತಾರೆ: ಎಷ್ಟು ವಿಡಿಯೊ ಇದೆ, ಆ್ಯಪ್ ಚೆನ್ನಾಗಿದೆಯಾ ಅಂತ. ನಾನು ಕಂಡ ಹಾಗೆ ವಿದ್ಯಾರ್ಥಿಯನ್ನು ಹಿಡಿದು ನಿಲ್ಲಿಸುವುದು ಆ ಉತ್ತರ.

ಬರೀ ಪಾಠ ಇಟ್ಟರೆ ಜನ ಶುರು ಮಾಡುತ್ತಾರೆ, ಮುಗಿಸುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2001ರಲ್ಲಿ ಶುರುವಾದ ಮೂಡ್‌ಜಿಮ್ ಅನ್ನುವ ಆನ್‌ಲೈನ್ ಸಿಬಿಟಿ ಪಾಠಗಳ ಕಾಲದಿಂದಲೂ ಇದೇ ಕಥೆ. ಜೊತೆಗೆ ಒಬ್ಬ ಮನುಷ್ಯ ಇದ್ದರೆ ಉಳಿದುಕೊಳ್ಳುವವರು ಜಾಸ್ತಿ. ಸೌಮ್ಯ ಮತ್ತು ಮಧ್ಯಮ ಮಟ್ಟದ ಖಿನ್ನತೆ, ಆತಂಕಕ್ಕಾದರೆ, ಹೀಗೆ ಬೆಂಬಲ ಕೊಟ್ಟು ಮಾಡುವ ಆನ್‌ಲೈನ್ ಸಿಬಿಟಿ ಎದುರು ಕೂತು ಮಾಡುವುದಕ್ಕೆ ಸರಿಸುಮಾರು ಸಮ ಅಂತ ಅಧ್ಯಯನಗಳೂ ಹೇಳುತ್ತವೆ.

ಶುರುವಿನಲ್ಲಿ ಎರಡು ಪ್ರಶ್ನಾವಳಿ ತುಂಬಿಸುತ್ತೇನೆ. ಖಿನ್ನತೆಗೆ ಪಿಎಚ್‌ಕ್ಯೂ-9, ಆತಂಕಕ್ಕೆ ಜಿಎಡಿ-7. ಎರಡೂ ಕಳೆದ ಎರಡು ವಾರ ಹೇಗಿತ್ತು ಅಂತ ಕೇಳುತ್ತವೆ. ಮೊದಲನೆಯದಕ್ಕೆ ಒಟ್ಟು 27 ಅಂಕ, ಎರಡನೆಯದಕ್ಕೆ 21. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿಯಾಗಿ ವಿಚಾರಿಸಬೇಕು ಅಂತ ಅರ್ಥ, ಕಾಯಿಲೆ ಇದೆ ಅಂತ ಅಲ್ಲ. ಅಂಕ ನೋಡಿ ಗಾಬರಿಯಾಗುವ ವಿದ್ಯಾರ್ಥಿಗಳಿರುತ್ತಾರೆ. ಪರೀಕ್ಷೆಯ ಅಂಕ ನೋಡಿ ನೋಡಿ ರೂಢಿಯಲ್ವಾ.

ಪಿಎಚ್‌ಕ್ಯೂನ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ನಾನು ಬರೆಯುತ್ತಾ ಕೂರುವುದಿಲ್ಲ, ಅವತ್ತೇ ಫೋನ್ ಮಾಡುತ್ತೇನೆ. ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತೆ ಅನ್ನುವ ಹೆದರಿಕೆಗೆ ಆಧಾರವಿಲ್ಲ. ಆದರೆ ಪರದೆಯ ಈಚೆ ಕೂತ ನನಗೆ ಅವರು ಎಲ್ಲಿದ್ದಾರೆ ಅನ್ನುವುದೇ ಗೊತ್ತಿರುವುದಿಲ್ಲ. ಅದಕ್ಕೇ ಪ್ರತಿ ಕಾಲ್‌ನ ಮೊದಲಲ್ಲಿ ಈಗ ಯಾವ ವಿಳಾಸದಲ್ಲಿದ್ದೀರಿ ಅಂತ ಕೇಳಿ ಬರೆದುಕೊಳ್ಳುತ್ತೇನೆ. ತುರ್ತು ಬಂದರೆ ಯಾರಿಗೆ ಫೋನ್ ಮಾಡಲಿ, ಹತ್ತಿರದ ಆಸ್ಪತ್ರೆ ಯಾವುದು, ಇದೂ ಮೊದಲೇ ಗೊತ್ತಿರಬೇಕು. ಈ ಒಪ್ಪಂದ ಇಲ್ಲದೆ ನಾನು ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಕೂಡಲೇ ಅಪಾಯದಲ್ಲಿರುವವರಿಗೆ, ಭ್ರಮೆ ಅಥವಾ ಉನ್ಮಾದದ ಲಕ್ಷಣ ಇರುವವರಿಗೆ ಆನ್‌ಲೈನ್ ಥೆರಪಿ ಒಂದೇ ಸಾಲದು. ಅವರನ್ನು ನೇರವಾಗಿ ನೋಡುವ ವೈದ್ಯರ ಹತ್ತಿರ ಕಳಿಸುತ್ತೇನೆ.

ಇನ್ನು ಜಾಗದ ಸಮಸ್ಯೆ. ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಇರುತ್ತಾರೆ, ಮನೆಯಲ್ಲಿ ಅಪ್ಪ ಅಮ್ಮ. ಖಾಲಿ ಕ್ಲಾಸ್‌ರೂಮ್, ಮಹಡಿ ಮೆಟ್ಟಿಲು, ನಡೆದಾಡುತ್ತಾ ಇಯರ್‌ಫೋನ್‌ನಲ್ಲಿ ಮಾತು, ಎಲ್ಲವೂ ನಡೆಯುತ್ತದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಕೆಲವರು ಟೈಪ್ ಮಾಡುತ್ತಾರೆ. ಕ್ಯಾಮೆರಾ ಆನ್ ಮಾಡಿ ಅಂತ ನಾನು ಒತ್ತಾಯ ಮಾಡುವುದಿಲ್ಲ. ಮುಖ ಕಾಣದಿದ್ದಾಗಲೇ ಮನಸ್ಸು ಬಿಚ್ಚುವವರೂ ಇದ್ದಾರೆ.

ಈಗ ಉತ್ತರದ ವಿಷಯ. ಖಿನ್ನತೆ ಇರುವವರಿಗೆ ಗಂಟೆಗಂಟೆಗೆ ಏನು ಮಾಡಿದಿರಿ, ಮೂಡ್ ಹತ್ತಕ್ಕೆ ಎಷ್ಟಿತ್ತು ಅಂತ ಬರೆಯಲು ಹೇಳುತ್ತೇನೆ. ಮೊದಲ ವಾರ ಬರುವ ಮಾತು ಹೆಚ್ಚುಕಡಿಮೆ ಒಂದೇ: 'ಏನೂ ಮಾಡಲಿಲ್ಲ, ಸುಮ್ನೆ ಬಿದ್ದಿದ್ದೆ.' ಆದರೆ ಪಟ್ಟಿ ನೋಡಿದರೆ ಬೇರೆ ಏನೋ ಇರುತ್ತದೆ. ಆಗ ನಾನು ಹೀಗೆ ಬರೆಯುತ್ತೇನೆ: 'ಮಂಗಳವಾರ ಮಧ್ಯಾಹ್ನ ಸ್ನಾನ ಮಾಡಿ ಲೈಬ್ರರಿ ತನಕ ಹೋಗಿ ಬಂದಿದ್ದೀರಿ. ಮೂಡ್ 2 ಇದ್ದದ್ದು 4 ಆಗಿದೆ. ಈ ವಾರ ಅದನ್ನೇ ಇನ್ನೆರಡು ದಿನ ಮಾಡಿ ನೋಡೋಣವಾ?' ಅಷ್ಟೇ. 'ಧೈರ್ಯವಾಗಿರಿ', 'ಪಾಸಿಟಿವ್ ಆಗಿ ಯೋಚಿಸಿ' ಅಂತ ಬರೆಯುವುದಿಲ್ಲ. ಅದನ್ನು ಅವರಿಗೆ ಊರೆಲ್ಲ ಹೇಳಿರುತ್ತದೆ. ಮನಸ್ಸು ಬಂದ ಮೇಲೆ ಕೆಲಸ ಅಂತ ಕಾದರೆ ಖಿನ್ನತೆಯಲ್ಲಿ ಮನಸ್ಸು ಬರುವುದೇ ಇಲ್ಲ. ಸಣ್ಣ ಕೆಲಸ ಮೊದಲು, ಮನಸ್ಸು ಅದರ ಹಿಂದೆ ಬರುತ್ತದೆ. ಅವರದ್ದೇ ಪಟ್ಟಿಯಲ್ಲಿ ಅದು ಕಂಡರೆ ನಂಬುತ್ತಾರೆ.

ಆತಂಕ ಇರುವವರ ಕಥೆ ಬೇರೆ. ಇವರು ಪಾಠವನ್ನು ಬಿಡುವುದಿಲ್ಲ, ಒಂದನ್ನೇ ನಾಲ್ಕು ಸಲ ಓದುತ್ತಾರೆ. ಮಾಡಬೇಕಾದ್ದನ್ನು ಮಾತ್ರ ಮುಂದೆ ಹಾಕುತ್ತಾರೆ. ಪ್ರಾಜೆಕ್ಟ್ ಗೈಡ್ ಕಳಿಸಿದ ಇಮೇಲ್ ತೆರೆಯದೆ ವಾರಗಟ್ಟಲೆ ಇಟ್ಟುಕೊಂಡವರು ಎಷ್ಟೋ ಮಂದಿ. ನಾನು ಉತ್ತರಿಸಿ ಅನ್ನುವುದಿಲ್ಲ. ಈ ವಾರ ಬರೀ ತೆರೆದು ಓದಿ, ಮುಚ್ಚಿಡಿ. ಮುಂದಿನ ವಾರ ಎರಡು ಸಾಲಿನ ಉತ್ತರ. ತೆರೆಯುವ ಮೊದಲು ಏನಾಗುತ್ತೆ ಅಂದುಕೊಂಡಿದ್ದಿರಿ, ನಿಜವಾಗಿ ಏನಾಯಿತು ಅಂತ ಎರಡನ್ನೂ ಬರೆಯಬೇಕು.

ಇದೇ ವಿದ್ಯಾರ್ಥಿಗಳು ರಾತ್ರಿ ಒಂದರ ಮೇಲೊಂದು ಮೆಸೇಜ್ ಹಾಕುತ್ತಾರೆ. 'ನಾನು ಮಾಡಿದ್ದು ಸರಿನಾ?' 'ಏನೂ ಆಗಲ್ಲ ಅಲ್ವಾ?' ಕೂಡಲೇ 'ಏನೂ ಆಗಲ್ಲ' ಅಂತ ಬರೆದರೆ ಅವತ್ತು ನಿದ್ದೆ ಬರುತ್ತದೆ, ನಾಳೆ ಮತ್ತೆ ಕೇಳಬೇಕಾಗುತ್ತದೆ. ನನ್ನ ಸಮಾಧಾನವೇ ಅವರ ಆತಂಕದ ಭಾಗವಾಗಿಬಿಡುತ್ತದೆ. ಅದಕ್ಕೆ ಉತ್ತರಕ್ಕೆ ದಿನ, ಹೊತ್ತು ಗೊತ್ತುಮಾಡಿದ್ದೇನೆ. ಆ ದಿನ ತಪ್ಪಿಸುವುದಿಲ್ಲ, ನಡುವೆ ಉತ್ತರಿಸುವುದೂ ಇಲ್ಲ. ಜೀವಕ್ಕೆ ಅಪಾಯದ ಮಾತಾದರೆ ಮೆಸೇಜ್ ಮಾಡಬೇಡಿ, ತುರ್ತು ನಂಬರಿಗೆ ಫೋನ್ ಮಾಡಿ ಅಂತ ಮೊದಲ ದಿನವೇ ಹೇಳಿರುತ್ತೇನೆ. ಇದು ಕಠಿಣ ಅಂತ ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ನನಗೆ ಹಾಗೆ ಅನಿಸಿಲ್ಲ. ಕಾಯುವ ಆ ದಿನಗಳಲ್ಲಿ, ಕೇಳಬೇಕು ಅಂದುಕೊಂಡಿದ್ದರ ಅರ್ಧದಷ್ಟು ತಾನಾಗಿಯೇ ಬಿದ್ದುಹೋಗಿರುತ್ತದೆ.

ಪರೀಕ್ಷೆ ಹತ್ತಿರ ಬಂದಾಗ ಸುಮಾರು ಜನ ಮಾಯವಾಗುತ್ತಾರೆ. ಆಗ ಪಾಠವನ್ನು ಹತ್ತು ನಿಮಿಷಕ್ಕೆ ಇಳಿಸುತ್ತೇನೆ. 'ಯಾಕೆ ಬರಲಿಲ್ಲ' ಅಂತ ಕೇಳುವುದಿಲ್ಲ, ಎಲ್ಲಿ ಬಿಟ್ಟಿದ್ದೀರೋ ಅಲ್ಲಿಂದ ಶುರು ಮಾಡಬಹುದು ಅಂತಷ್ಟೇ ಬರೆಯುತ್ತೇನೆ. ನಾಚಿಕೆಯಿಂದ ದೂರ ಉಳಿದವರು ಈ ಒಂದು ಸಾಲಿಗೆ ಮರಳಿ ಬಂದದ್ದುಂಟು.

ಪಿಎಚ್‌ಕ್ಯೂನಲ್ಲಿ ಐದು ಅಂಕ ಇಳಿದರೆ ಅದು ನಿಜವಾದ ಸುಧಾರಣೆ ಅಂತ ಲೆಕ್ಕ. ಕೆಲವು ವಾರ ಕಳೆದರೂ ಅಂಕ ಅಲುಗಾಡದಿದ್ದರೆ ಮನೋವೈದ್ಯರನ್ನು ಕಾಣಲು ಹೇಳುತ್ತೇನೆ. ಔಷಧಿ ಬೇಕಾ ಬೇಡವಾ ಅನ್ನುವುದನ್ನು ಅವರು ನೋಡುತ್ತಾರೆ. ವಿದ್ಯಾರ್ಥಿ ಒಪ್ಪಿದರೆ ಇಷ್ಟು ದಿನದ ಪಟ್ಟಿ, ಅಂಕಗಳನ್ನು ಅವರಿಗೆ ಕಳಿಸುತ್ತೇನೆ. ಹೊಸ ಡಾಕ್ಟರ ಮುಂದೆ ಎಲ್ಲವನ್ನೂ ಮೊದಲಿನಿಂದ ಹೇಳುವುದು ತಪ್ಪುತ್ತದೆ, ವಾರದ ಉತ್ತರ ಮಾತ್ರ ಮುಂದುವರಿಯುತ್ತದೆ.