ಸಮುದ್ರ ದಾಟಿ ಹೋದ ಓಕಿನಾವಾ ಮನೆಗಳಲ್ಲಿ ಹಾಡು, ಆಚಾರ ಉಳಿಸ್ಕೊಳ್ಳೋದು ಹೇಗೆ

ಮೊದಲೇ ಹೇಳ್ಬಿಡ್ತೀನಿ, ಈ ಕೆಲಸ ಶುರು ಮಾಡ್ಬೇಕಾದ್ದು ಸ್ಟೇಜ್ ಮೇಲಲ್ಲ, ಅಡುಗೆಮನೇಲಿ. ಹವಾಯಿ, ಬ್ರೆಜಿಲ್, ಪೆರು, ಅರ್ಜೆಂಟೀನಾ ಎಲ್ಲೇ ಆಗ್ಲಿ, ಜಪಾನಿನ ದಕ್ಷಿಣದ ಓಕಿನಾವಾ ದ್ವೀಪಗಳ ಮೂಲದ ಮನೆಗಳಲ್ಲಿ ಈಗ ಮೂರನೇದೋ ನಾಲ್ಕನೇದೋ ತಲೆಮಾರು, ಎಷ್ಟೋ ಜನಕ್ಕೆ ಮನೆತನದ ಹೆಸರು ಉಳಿದಿದೆ, ಮಾತು ಹೋಗಿದೆ. ಇದು ಅವರಿಗೆ, ಮತ್ತೆ ಅಂಥ ಮನೆಗೆ ಸೊಸೆಯಾಗೋ ಅಳಿಯನಾಗೋ ಹೋಗಿ ಮಕ್ಕಳಿಗೆ ಏನಾದ್ರೂ ಕಲಿಸ್ಬೇಕು ಅಂತ ಒದ್ದಾಡೋರಿಗೆ.

ಯಾಕೆ ಹೋಯ್ತು ಅನ್ನೋದು ಸ್ವಲ್ಪ ಗೊತ್ತಿರ್ಬೇಕು. 1900ರ ಜನವರಿಯಲ್ಲಿ ಓಕಿನಾವಾದ 26 ಜನ ಹೊನೊಲುಲುಗೆ ಬಂದಿಳಿದ್ರು, 1908ರಲ್ಲಿ ಬ್ರೆಜಿಲ್‌ಗೆ ಹೋದ ಕಸಾಟೊ ಮಾರು ಹಡಗಿನಲ್ಲಿ ಇದ್ದೋರಲ್ಲೂ ದೊಡ್ಡ ಪಾಲು ಇವರದೇ. ಅತ್ತ ಊರಿನ ಶಾಲೆಗಳಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಹೋಗೆನ್ ಫುದಾ ಅನ್ನೋ ಹಲಗೆ ನೇತಾಕ್ತಿದ್ರು. ಆ ನಾಚಿಕೆ ಹಡಗು ಹತ್ತಿ ಜೊತೆಗೇ ಬಂತು. ಅದಕ್ಕೇ ನಿಮ್ಮ ಅಜ್ಜಿ ಉಚಿನಾಗುಚಿ (ಓಕಿನಾವಾದ ಮನೆಮಾತು) ಬಂದ್ರೂ ಬಾಯ್ಬಿಡದೇ ಇರಬಹುದು, ನೀವಾಗೇ ಕೇಳ್ಬೇಕು. 2009ರಲ್ಲಿ ಯುನೆಸ್ಕೋ ಆ ದ್ವೀಪಗಳ ಭಾಷೆಗಳನ್ನ ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ, ಹಾಗಾಗಿ ಮುಂದಿನ ವರ್ಷ ಕೇಳೋಣ ಅನ್ಬೇಡಿ.

ಕೇಳೋದಕ್ಕೂ ಒಂದು ರೀತಿ ಇದೆ. ಎದುರಿಗೆ ಕೂರಿಸಿ "ಹಳೇದೆಲ್ಲ ಹೇಳಿ ಓಬಾ (ಅಜ್ಜಿ)" ಅಂದ್ರೆ ಯಾರೂ ಹೇಳಲ್ಲ. ಅಂದಾಗಿ ಅನ್ನೋ ಸಿಹಿ ಉಂಡೆ ಕರಿಯೋ ದಿನ ಪಕ್ಕದಲ್ಲಿ ನಿಂತ್ಕೊಳ್ಳಿ, ಫೋನ್ ರೆಕಾರ್ಡಿಂಗ್ ಹಾಕಿ ಕಪಾಟಿನ ಮೇಲಿಡಿ. ಮೈದಾ, ಸಕ್ಕರೆ, ಮೊಟ್ಟೆ ಕಲಸಿದ ಹಿಟ್ಟನ್ನ ಅಜ್ಜಿ ಮುಷ್ಟೀಲಿ ಹಿಡಿದು ಹೆಬ್ಬೆರಳು ತೋರುಬೆರಳಿನ ಸಂದಿಂದ ಉಂಡೆಯಾಗಿ ಎಣ್ಣೆಗೆ ಬಿಡ್ತಾರೆ, ಉರಿ ಸಣ್ಣದಿದ್ರೆ ಉಂಡೆ ತಾನಾಗೇ ತಿರುಗಿ ಒಂದು ಕಡೆ ಬಿರಿದು ನಕ್ಕ ಹಾಗೆ ಕಾಣುತ್ತೆ. ನೀವು ಬಿಟ್ಟಾಗ ಬಾಲ ಬರುತ್ತೆ, ಅಜ್ಜಿ ತಿದ್ತಾರೆ, ತಿದ್ದುವಾಗ ಬಾಯಿಗೆ ಬರೋ ಪದಗಳೇ ನಿಮಗೆ ಬೇಕಾಗಿರೋದು.

ಅದೇ ಅಡುಗೆಮನೇಲಿ ಒಲೆ ಹತ್ರ ಹಿನುಕಾನ್ ಇದೆಯಾ ನೋಡಿ. ಒಲೆಯ ದೇವರು, ಪಾಡ್ಯ ಮತ್ತು ಹದಿನೈದನೇ ತಿಥಿಗೆ ನೀರು, ಉಪ್ಪು, ಅಕ್ಕಿ ಇಟ್ಟು ಹಿರಾಉಕೋ ಅನ್ನೋ ಚಪ್ಪಟೆ ಕಪ್ಪು ಊದುಬತ್ತಿ ಹಚ್ಚಿ ಮನೆ ಹೆಂಗಸರು ಮನೆಯ ಸುದ್ದಿ ಹೇಳ್ಕೊಳ್ತಾರೆ. ಮಗಳು ಬೇರೆ ಮನೆ ಮಾಡಿದ್ರೆ ತಾಯಿಯ ಧೂಪದ ಪಾತ್ರೆಯಿಂದ ಒಂಚೂರು ಬೂದಿ ತಗೊಂಡು ಹೋಗಿ ತನ್ನದರಲ್ಲಿ ಹಾಕೋದು ರೂಢಿ. ದಯವಿಟ್ಟು ಅಜ್ಜಿ ತೀರ್ಕೊಂಡ ಮೇಲೆ ಮನೆ ಖಾಲಿ ಮಾಡೋವಾಗ ಆ ಬೂದಿನ ಕಸ ಅಂತ ಚೆಲ್ಬೇಡಿ, ಈಗಲೇ ಕೇಳಿ ಇಸ್ಕೊಳ್ಳಿ.

ಇನ್ನು ಹಾಡು. ನನ್ನ ಪ್ರಕಾರ ಭಾಷೆ ಕಲಿಯೋಕೆ ಪುಸ್ತಕಕ್ಕಿಂತ ಸಾನ್‌ಶಿನ್ ಅನ್ನೋ ತಂತಿವಾದ್ಯ ಸುಲಭದ ದಾರಿ. ಮೂರು ತಂತಿ, ಹೆಬ್ಬಾವಿನ ಚರ್ಮದ ಬುರುಡೆ, ತೋರುಬೆರಳಿಗೆ ಕೊಂಬಿನ ಉಗುರು. ದಪ್ಪ ತಂತಿ ಉಜಿರು ಅಂದ್ರೆ ಗಂಡು, ಸಣ್ಣದು ಮೀಜಿರು ಅಂದ್ರೆ ಹೆಣ್ಣು, ನಡುವಿಂದು ನಕಾಜಿರು. ಸಾಮಾನ್ಯ ಶ್ರುತಿ ನಮ್ಮ ಲೆಕ್ಕದಲ್ಲಿ ಸ, ಮ, ಮೇಲಿನ ಸ. ಬಹಳಷ್ಟು ಹಾಡುಗಳ ಸ್ವರ ಸ ಗ ಮ ಪ ನಿ, ಅಂದ್ರೆ ಗಂಭೀರ ನಾಟದ್ದೇ, ಕರ್ನಾಟಕ ಸಂಗೀತ ಕಿವಿಗೆ ಬಿದ್ದಿರೋರಿಗೆ ಮೊದಲ ದಿನವೇ ಪರಿಚಯದವರ ದನಿ ಕೇಳಿದ ಹಾಗಾಗುತ್ತೆ. ಸ್ವರಲಿಪಿ ಕುಂಕುಂಶಿ, ಚೌಕದೊಳಗೆ ಚೀನೀ ಅಕ್ಷರ, ಬಲದಿಂದ ಎಡಕ್ಕೆ, ಮೇಲಿಂದ ಕೆಳಗೆ ಓದೋದು. ಬರೀ ತಂತಿಗಳು ಐ, ಶಿ, ಕೋ ಅಂತ, ಮೊದಲ ವಾರ ಈ ಮೂರೇ ಸಾಕು.

ಒಂದು ಎಚ್ಚರಿಕೆ. ನಿಜವಾದ ಹಾವಿನ ಚರ್ಮ ಒಣಹವೆಗೆ, ಬಿಸಿಲಲ್ಲಿ ನಿಲ್ಸಿದ ಕಾರಿನೊಳಗೆ ಸೀಳಿಹೋಗುತ್ತೆ, ಹೆಬ್ಬಾವಿನ ಚರ್ಮ ದೇಶ ದಾಟಿಸೋಕೆ ಪರ್ಮಿಟ್ ಕೂಡ ಬೇಕಾಗ್ಬಹುದು. ಹೊಸಬರಿಗೆ ಸಿಂಥೆಟಿಕ್ ಚರ್ಮದ್ದೇ ಒಳ್ಳೇದು, ಅದರಿಂದ ಅವಮಾನ ಏನಿಲ್ಲ. 1945ರಲ್ಲಿ ಓಕಿನಾವಾದ ಯುದ್ಧ ಮುಗಿದಾಗ ಶಿಬಿರಗಳಲ್ಲಿದ್ದ ಜನ ಖಾಲಿ ಡಬ್ಬಕ್ಕೆ ಕೋಲು ಸಿಕ್ಕಿಸಿ ಪ್ಯಾರಾಶೂಟ್ ದಾರ ಕಟ್ಟಿ ಕಂಕರಾ ಸಾನ್‌ಶಿನ್ ಮಾಡ್ಕೊಂಡು ಹಾಡಿದ್ರು. ಮಕ್ಕಳ ಕೈಲಿ ಒಂದು ಕಂಕರಾ ಮಾಡಿಸಿ, ಮಾಡ್ತಾ ಈ ಕಥೆ ಹೇಳಿ.

ಹಾಡು ಕಲಿಸುವಾಗ ಅರ್ಥ ಬಿಟ್ಟು ಬರೀ ರಾಗ ಹೇಳ್ಕೊಡ್ಬೇಡಿ. ಜಪಾನೀಸ್ ಗೊತ್ತಿರೋ ಮಕ್ಕಳಿಗೆ ಒಂದು ಕೀಲಿಕೈ ಕೊಡಿ: ಬಹಳ ಕಡೆ ಜಪಾನೀಸ್‌ನ ಒ ಉಚಿನಾಗುಚಿಯಲ್ಲಿ ಉ ಆಗುತ್ತೆ, ಎ ಇ ಆಗುತ್ತೆ, ಕೊಕೊರೊ (ಮನಸ್ಸು) ಕುಕುರು, ಅಮೆ (ಮಳೆ) ಅಮಿ. ಹಾಡಿನ ಸಾಲುಗಳು 8-8-8-6 ಮಾತ್ರೆಯ ರ್‍ಯೂಕಾ ಅನ್ನೋ ಛಂದಸ್ಸಲ್ಲಿರ್ತವೆ, ಮಕ್ಕಳು ಬೆರಳಲ್ಲಿ ಎಣಿಸ್ಲಿ, ಎಣಿಸಿದ ಪದ ಮರೆಯಲ್ಲ.

ಗುಂಪು ಕಟ್ಟೋದಾದ್ರೆ ಎಯ್ಸಾ ಡ್ರಮ್ ಕುಣಿತ ಹದಿಹರೆಯದವರನ್ನ ಬೇಗ ಸೆಳೆಯುತ್ತೆ, ಆದ್ರೆ ಅದು ಬೊನ್ ಹಬ್ಬದಲ್ಲಿ ಮನೆಗೆ ಬಂದ ಪಿತೃಗಳನ್ನ ಬೀಳ್ಕೊಡೋ ಕುಣಿತ ಅಂತ ಅವರಿಗೆ ಹೇಳಿರ್ಲೇಬೇಕು. ಗುಂಪು ಉಳಿಯೋಕೆ ಮೊಆಯಿ ಶುರು ಮಾಡಿ, ನಮ್ಮ ಚೀಟಿ ಥರಾನೇ, ತಿಂಗಳಿಗೊಮ್ಮೆ ಸೇರಿ ದುಡ್ಡು ಹಾಕಿ ಒಬ್ಬೊಬ್ಬರೇ ಸರದಿ ಮೇಲೆ ಎತ್ತೋದು, ದುಡ್ಡಿನ ನೆಪದಲ್ಲಿ ಜನ ತಪ್ಪಿಸದೇ ಬರ್ತಾರೆ. ಮನಸ್ಸು ಮಾಡಿದ್ರೆ ಸಮುದಾಯ ಏನೆಲ್ಲ ಮಾಡುತ್ತೆ ಅನ್ನೋಕೆ 1948 ನೋಡಿ, ಯುದ್ಧದಲ್ಲಿ ಹಂದಿಗಳೇ ಇಲ್ಲದಂತಾದ ಊರಿಗೆ ಹವಾಯಿಯವರು ಚಂದಾ ಎತ್ತಿ ಸುಮಾರು 550 ಹಂದಿಗಳನ್ನ ಹಡಗಲ್ಲಿ ಕಳಿಸಿದ್ರು! 1990ರಿಂದ ಸುಮಾರು ಐದು ವರ್ಷಕ್ಕೊಮ್ಮೆ ಓಕಿನಾವಾದಲ್ಲಿ ವಿಶ್ವ ಉಚಿನಾಂಚು (ಓಕಿನಾವಾ ಜನರ) ಹಬ್ಬ ನಡೆಯುತ್ತೆ, ಗುಂಪಿನ ಒಬ್ಬ ಹುಡುಗ ಹುಡುಗಿನಾದ್ರೂ ಕಳಿಸೋಕೆ ಆಗಿಂದಾಗ್ಗೆ ದುಡ್ಡು ಎತ್ತಿಡಿ.

ಯಾವ ಸಮಾರಂಭ ಆದ್ರೂ ಕೊನೇಲಿ ಎಲ್ಲರೂ ಸೇರಿ ಕುಣಿಯೋ ಕಚಾಶಿ ಇರ್ಲಿ. ಕೈ ತಲೆಗಿಂತ ಮೇಲೆ, ಗಂಡಸರದು ಸಡಿಲ ಮುಷ್ಟಿ, ಹೆಂಗಸರದು ಬಿಚ್ಚಿದ ಅಂಗೈ, ಮಣಿಕಟ್ಟು ತಿರುಗಿಸ್ತಾ ಎಡಕ್ಕೆ ಬಲಕ್ಕೆ. ಇದಕ್ಕೆ ರಿಹರ್ಸಲ್ ಬೇಡ, ಬಾರದೋರನ್ನೂ ಎಳೀರಿ. ಕುರ್ಚೀಲಿ ಕೂತ ಓಬಾ ಕೈ ಎತ್ತಿದ್ರು ಅಂದ್ರೆ ಟೈಮ್ ಆಯ್ತು ಅಂತ ಸಾನ್‌ಶಿನ್ ನಿಲ್ಲಿಸ್ಬೇಡಿ, ಅವರು ಕೈ ಇಳಿಸೋವರೆಗೂ ನುಡಿಸ್ತಾ ಇರಿ.