ರೈಲಿಳಿದು ಒಂದು ದಿನ ಪ್ರಾಗ್‌ನಲ್ಲಿ: ಬೆನ್ನುಚೀಲದ ಜೋಡಿಗೆ

ವಿಯೆನ್ನಾದಿಂದ ಬರ್ಲಿನ್‌ಗೆ ಹೋಗುವ ದಾರಿಯಲ್ಲೇ ಪ್ರಾಗ್ ಸಿಗುತ್ತದೆ. ಮನಸ್ಸಾದರೆ ಇಳಿಯಿರಿ, ಆದರೆ ಮೊದಲು ಟಿಕೆಟ್ ಓದಿ. ಒಂದೇ ರೈಲಿಗೆ ಸಲ್ಲುವ ಅಗ್ಗದ ಟಿಕೆಟ್ಟಾಗಿದ್ದರೆ ಮುಂದಿನ ಪಯಣಕ್ಕೆ ಹೊಸದು ಕೊಳ್ಳಬೇಕು.

ಚೀಲಗಳೆರಡನ್ನೂ ಮುಖ್ಯ ನಿಲ್ದಾಣದ ಲಾಕರ್‌ನಲ್ಲಿಡಿ. ಪಾಸ್‌ಪೋರ್ಟ್, ನೀರು ಜೊತೆಗಿರಲಿ.

ಜನ ಹೆಚ್ಚು ಏಮಾರುವುದು ದುಡ್ಡಿನಲ್ಲಿ. ಇಲ್ಲಿನ ನಾಣ್ಯ ಯೂರೋ ಅಲ್ಲ, ಕೊರುನಾ. ಎಟಿಎಂ ‘ನಿಮ್ಮ ಕರೆನ್ಸಿಯಲ್ಲೇ ಲೆಕ್ಕ ಹಾಕಲೇ?’ ಎಂದು ಕೇಳಿದರೆ ಬೇಡ ಎನ್ನಿ. ಅದರ ದರ ಬ್ಯಾಂಕಿನದಕ್ಕಿಂತ ದುಬಾರಿ. ಹಣ ಬದಲಿಸುವ ಅಂಗಡಿಯಲ್ಲಿ ಮೋಸಹೋದಿರಾ? 2019ರಿಂದ ಕಾನೂನು ನಿಮ್ಮ ಕಡೆಗಿದೆ: 1000 ಯೂರೋವರೆಗಿನ ವಿನಿಮಯವನ್ನು 3 ಗಂಟೆಯೊಳಗೆ ರದ್ದು ಮಾಡಿಸಬಹುದು. ಅದಕ್ಕೇ ರಸೀದಿ ಎಸೆಯಬೇಡಿ.

ತಲಾ ಒಂದು 90 ನಿಮಿಷದ ಕಾಗದದ ಟಿಕೆಟ್ ಕೊಂಡು, ಮೆಟ್ರೋ ಪ್ರವೇಶದಲ್ಲಿರುವ ಹಳದಿ ಯಂತ್ರದಲ್ಲಿ ಮುದ್ರೆ ಒತ್ತಿಸಿ. ಮುದ್ರೆಯಿಲ್ಲದ ಟಿಕೆಟ್ಟಿಗೆ ದಂಡ ಖಚಿತ. ಸಿ ಮಾರ್ಗದಲ್ಲಿ ಮೂಜೇಯುಮ್, ಅಲ್ಲಿಂದ ಎ ಮಾರ್ಗದಲ್ಲಿ ಮಾಲೊಸ್ತ್ರಾನ್ಸ್ಕಾ, ಆಮೇಲೆ 22ನೇ ಟ್ರಾಮ್ ಹಿಡಿದು ಕೋಟೆಗೆ. ಮೊದಲು ಮೇಲೆ ಹೋಗುವುದೇ ಜಾಣತನ: ಉಳಿದ ನಡಿಗೆಯೆಲ್ಲ ಇಳಿಜಾರು, ಕಲ್ಲುಹಾಸಿನ ಬೀದಿಯಲ್ಲಿ ಮೊಣಕಾಲಿಗೆ ಅಷ್ಟು ಉಪಕಾರ.

ಕೋಟೆಯ ಅಂಗಳ ಉಚಿತ. ಸಂತ ವೀಟಸ್ ಕೆಥೆಡ್ರಲ್ ಪೂರ್ತಿ ನೋಡಲು ಟಿಕೆಟ್ ಬೇಕು. ಭಾನುವಾರ ಬೆಳಗ್ಗೆ ಪ್ರಾರ್ಥನೆಯಿರುವುದರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ. ಇಳಿಯುತ್ತ 1357ರಲ್ಲಿ ಕಟ್ಟತೊಡಗಿದ ಚಾರ್ಲ್ಸ್ ಸೇತುವೆ ದಾಟಿದರೆ ಹಳೇ ಪಟ್ಟಣದ ಚೌಕ. 1410ರ ಖಗೋಳ ಗಡಿಯಾರದ ಬೊಂಬೆಗಳು ಬೆಳಗ್ಗೆ 9ರಿಂದ ರಾತ್ರಿ 11ರವರೆಗೆ ಪ್ರತಿ ಗಂಟೆಗೆ ಕುಣಿಯುತ್ತವೆ. ಆಗ ಎಲ್ಲರ ಕಣ್ಣೂ ಮೇಲೆ, ಜೇಬುಗಳ್ಳರ ಕೈ ಕೆಳಗೆ. ಒಬ್ಬರು ನೋಡುವಾಗ ಇನ್ನೊಬ್ಬರು ಚೀಲ ಹಿಡಿದಿರಿ.