ಕಥೆ ಕಲಿಸುವ ತರಗತಿಗೆ ದುಡ್ಡು ಕಟ್ಟುವ ಮೊದಲು ನಾನು ಹಾಕಿದ ಲೆಕ್ಕ

ಪತ್ರಿಕೆಗಳಿಗೆ ಕಥೆ ಕಳುಹಿಸುವವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ: ಕಥೆ ಏಕೆ ಆಯ್ಕೆಯಾಗಲಿಲ್ಲ ಎಂದು ಯಾರೂ ಹೇಳುವುದಿಲ್ಲ. ಹಿಂದೆ ಸ್ವವಿಳಾಸದ ಲಕೋಟೆ ಲಗತ್ತಿಸಿದರೆ ಅಚ್ಚು ಹಾಕಿದ ವಿಷಾದಪತ್ರವಾದರೂ ಬರುತ್ತಿತ್ತಂತೆ. ಈಗ ಇಮೇಲ್ ಕಾಲ. ಇಷ್ಟು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಸ್ವೀಕೃತವೆಂದು ನಾವೇ ತಿಳಿದುಕೊಳ್ಳಬೇಕು. ಸಂಪಾದಕರನ್ನು ದೂರುತ್ತಿಲ್ಲ; ಬರುವ ಕಥೆಗಳಿಗೆಲ್ಲ ಟಿಪ್ಪಣಿ ಬರೆಯುತ್ತ ಕುಳಿತರೆ ಅವರ ಪತ್ರಿಕೆ ಹೊರಬರುವುದು ಯಾವಾಗ? ನನ್ನ ಕೆಲವು ಕಥೆಗಳು ಅಚ್ಚಾದವು, ಹೆಚ್ಚಿನವು ಆಗಲಿಲ್ಲ. ಆಗದ್ದೇಕೆ ಎಂಬುದು ಹೋಗಲಿ, ಆದದ್ದೇಕೆ ಎಂಬುದೂ ತಿಳಿಯಲಿಲ್ಲ. ಸೃಜನಶೀಲ ಬರವಣಿಗೆಯ ತರಗತಿಗೆ ಸೇರಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಅದರಿಂದ.

ಮನೆಯಲ್ಲಿ ಮೊದಲ ಆಕ್ಷೇಪ ಮಾವನದು. ಅವರು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್ ಎಂದು ಹೊಗಳಿಸಿಕೊಂಡ ಜನ ನಾವು. ನೀನು ಹೋಗಿ ಹೋಗಿ ದುಡ್ಡು ಕೊಟ್ಟು ಕಥೆ ಕಲಿಯುತ್ತೀಯೇನಮ್ಮ?’ ಎಂದರು. ನಾನೂ ಬಿ.ಎ.ಯಲ್ಲಿ ಕನ್ನಡ ಐಚ್ಛಿಕ ತೆಗೆದುಕೊಂಡವಳೇ. ‘ಮಾವ, ಆ ಮಾತು ಬರುವ ಕವಿರಾಜಮಾರ್ಗವೇ ಕಾವ್ಯ ಹೇಗಿರಬೇಕೆಂದು ಕಲಿಸುವ ಗ್ರಂಥವಲ್ಲವೇ? ಮೊದಲ ಪರಿಚ್ಛೇದದಲ್ಲಿ ಮುಖ್ಯವಾಗಿ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ವಿಚಾರವೇ ಇದೆ’ ಎಂದೆ. ಒಂಬತ್ತನೆಯ ಶತಮಾನದಲ್ಲಿ, ಓದದೆಯೇ ಬಲ್ಲ ಜನರಿಗೆ, ಅಷ್ಟು ದೊಡ್ಡ ಪಾಠ ಏಕೆ ಬೇಕಾಯಿತು? ಮಾವ ಪತ್ರಿಕೆ ಮಡಿಚಿಟ್ಟು, ‘ಹಾಗಾದರೆ ದೋಷ ಹೇಳುವವರ ಹತ್ತಿರ ಹೋಗು. ಹೊಗಳುವವರು ಬೇಕಿದ್ದರೆ ನಾವಿದ್ದೇವೆ, ಪುಕ್ಕಟೆ’ ಎಂದರು.

ಮುಂದೆ ಎಲ್ಲ ತರಗತಿಗಳನ್ನೂ ಈ ಒಂದು ಮಾತಿನಿಂದಲೇ ಅಳೆದೆ.

ಬೆಂಗಳೂರಿನಲ್ಲಿ ಕಲಿಯುವ ದಾರಿಗಳಿಗೆ ಬರವಿಲ್ಲ. ಅಕಾಡೆಮಿಗಳು, ಸಾಹಿತ್ಯ ಸಂಘಟನೆಗಳು ಆಗಾಗ ಕಥಾ ಕಮ್ಮಟ ನಡೆಸುತ್ತವೆ. ಸಾಮಾನ್ಯವಾಗಿ ಎರಡು ಮೂರು ದಿನ, ಹಿರಿಯ ಲೇಖಕರ ಉಪನ್ಯಾಸ, ಊಟ, ಕೊನೆಗೊಂದು ಪ್ರಮಾಣಪತ್ರ. ಖರ್ಚು ಕಡಿಮೆ, ಒಡನಾಟ ಚೆನ್ನ. ಆದರೆ ನಾನು ವಿಚಾರಿಸಿದ ಕಮ್ಮಟಗಳಿಗೆ ವಯೋಮಿತಿ ಇತ್ತು; ನಲವತ್ತು ದಾಟಿದವಳು ಅರ್ಜಿಯ ಎರಡನೆಯ ಸಾಲಿನಲ್ಲೇ ಹೊರಗುಳಿದೆ. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಹೋಗಿ ಬಾ ಎಂದು ಗೆಳತಿಯೊಬ್ಬಳು ಹೇಳಿದಳು. ನಾಟಕ, ಉಪನ್ಯಾಸ, ಚರ್ಚೆ ಎಲ್ಲ ಇರುವ ಅದಕ್ಕೆ ಹೋಗಬೇಕೆಂಬ ಆಸೆ ಈಗಲೂ ಇದೆ, ಆದರೆ ನನ್ನ ಹಸ್ತಪ್ರತಿಗೆ ಯಾರಾದರೂ ಗೀಟು ಹಾಕಬೇಕೆಂಬ ಕೊರತೆ ಅಲ್ಲಿ ನೀಗುವಂಥದ್ದಲ್ಲ. ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಸೃಜನಶೀಲ ಬರವಣಿಗೆಗೆಂದೇ ಡಿಪ್ಲೊಮಾ ಇದೆ, ಇಂಗ್ಲಿಷಿನಲ್ಲಿ. ಇಂದಿರಾನಗರ, ಕೋರಮಂಗಲದ ಕಡೆ ವಾರಾಂತ್ಯದ ತರಗತಿಗಳು, ಅವೂ ಬಹುಪಾಲು ಇಂಗ್ಲಿಷಿನವು. ಕನ್ನಡದಲ್ಲಿ ಈಚೆಗೆ ಆನ್‌ಲೈನ್ ತರಗತಿಗಳು ಹೆಚ್ಚಾಗಿವೆ.

ಒಂದು ಆನ್‌ಲೈನ್ ತರಗತಿಯ ಪ್ರಕಟಣೆ ನೋಡಿ ಫೋನ್ ಮಾಡಿದೆ. ಒಂದು ಕಂತಿಗೆ 40 ಜನ, ಪ್ರತಿ ಸಲ ಒಂದೂವರೆ ಗಂಟೆ, ಅದರಲ್ಲಿ ಒಂದು ಗಂಟೆ ಉಪನ್ಯಾಸ. ನಾನು ವಿಮಾ ಕಚೇರಿಯವಳು, ಕೈ ತಾನಾಗಿ ಕ್ಯಾಲ್ಕುಲೇಟರಿಗೆ ಹೋಗುತ್ತದೆ. ಉಳಿದ ಅರ್ಧ ಗಂಟೆಯನ್ನು 40 ಜನರಿಗೆ ಹಂಚಿದರೆ ತಲೆಗೆ 45 ಸೆಕೆಂಡು. ಅಷ್ಟು ಹೊತ್ತಿನಲ್ಲಿ ‘ಚೆನ್ನಾಗಿದೆ, ಮುಂದುವರಿಸಿ’ ಎನ್ನಬಹುದು. ಉಪನ್ಯಾಸ ಕೇಳುವುದೇ ಬೇಕಿದ್ದರೆ ಬೆಂಗಳೂರಿನಲ್ಲಿ ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನಲ್ಲಿ, ಡಿವಿಜಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ, ಬಸವನಗುಡಿಯ ವರ್ಲ್ಡ್ ಕಲ್ಚರ್ ಸಂಸ್ಥೆಯಲ್ಲಿ ಕಾರ್ಯಕ್ರಮಗಳು ನಡೆಯುತ್ತಲೇ ಇರುತ್ತವೆ, ಹೋಗಿ ಕುಳಿತರಾಯಿತು.

ಇಂದಿರಾನಗರದ ಕಡೆಯ ಒಂದು ಇಂಗ್ಲಿಷ್ ತರಗತಿಯಲ್ಲಿ ಮೊದಲ ದಿನ ಉಚಿತವಾಗಿ ಕುಳಿತು ನೋಡಬಹುದೆಂದರು. ವಿಜಯನಗರದಿಂದ ಮೆಟ್ರೋದಲ್ಲಿ ನೇರ ದಾರಿ, ಸುಮ್ಮನೆ ಹೋದೆ. ಅಲ್ಲಿ ಪಾಠ ಹೇಳಿದವರ ತಯಾರಿ ಅಚ್ಚುಕಟ್ಟಾಗಿತ್ತು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ, ಸೇರಿ. ನಾನು ನನ್ನ ಕಥೆಯೊಂದರ ಎರಡು ಪುಟಗಳನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಹೋಗಿದ್ದೆ. ಕಥೆಯಲ್ಲಿ ಕೋಲಾರದ ಕಡೆಯ ಅತ್ತೆ–ಸೊಸೆ ಜಗಳವಾಡುತ್ತಾರೆ. ಸೊಸೆ ಅತ್ತೆಯನ್ನು ಬಹುವಚನದಲ್ಲಿ ಕರೆಯುತ್ತಿದ್ದವಳು ಜಗಳದ ನಡುವೆ ಏಕವಚನಕ್ಕೆ ಇಳಿಯುತ್ತಾಳೆ. ಕಥೆಯ ಮುರಿತ ಇರುವುದೇ ಅಲ್ಲಿ. ಇಂಗ್ಲಿಷಿನಲ್ಲಿ ಅದು ಕಾಣಿಸಲೇ ಇಲ್ಲ. ಅತ್ತೆ–ಸೊಸೆ ಇಬ್ಬರೂ ಇದ್ದಕ್ಕಿದ್ದಂತೆ ಏಕೆ ಮೌನವಾದರು ಎಂದು ಪಾಠ ಹೇಳಿದವರು ಕೇಳಿದರು, ನಾನು ವಿವರಿಸಿದೆ, ಅವರು ನನ್ನ ವಿವರಣೆಯನ್ನು ಮೆಚ್ಚಿಕೊಂಡರು. ಶುಲ್ಕ 12,000 ರೂಪಾಯಿ. ವಿವರಣೆಗೆ ಸಿಗುವ ಮೆಚ್ಚುಗೆಗೆ ಅದು ದುಬಾರಿ ಎನ್ನಿಸಿತು.

ಇಲ್ಲಿಗೆ ನಿಲ್ಲಿಸಿ, ಕೆಲವು ತಿಂಗಳು ತರಗತಿಯಿಲ್ಲದೆ ಎಷ್ಟು ದೂರ ಹೋಗಬಹುದು ಎಂದು ನೋಡಲು ನಿರ್ಧರಿಸಿದೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯದಲ್ಲಿ ಕುಳಿತು, ಇಷ್ಟವಾದ ಕಥೆಗಳನ್ನು ಕೈಬರಹದಲ್ಲಿ ನಕಲು ಮಾಡಿದೆ. ಇದು ಶಾಲೆಯ ಕಾಪಿ ಪುಸ್ತಕದ ಶಿಕ್ಷೆ ಎಂದು ನಗುವವರು ನಗಲಿ. ಓದುವಾಗ ಜಾರಿಹೋಗುವ ಸಾಲುಗಳು ಬರೆಯುವಾಗ ತಡೆದು ನಿಲ್ಲಿಸುತ್ತವೆ. ಪಾತ್ರವೊಂದು ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗುವುದನ್ನು ನಾನು ಅರ್ಧ ಪುಟ ಬರೆಯುತ್ತಿದ್ದೆ. ಅಲ್ಲಿನ ಕಥೆಗಾರರು ಪಾತ್ರವನ್ನು ನೇರ ಬಸ್ಸಿನೊಳಗೇ ಕೂರಿಸಿಬಿಡುತ್ತಿದ್ದರು. ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಮಾಡುವ ಕೆಲಸವೇನೆಂದು ಪೆನ್ಸಿಲಿನಲ್ಲಿ ಬರೆದೆ: ‘ಗಂಡ ಸುಳ್ಳು ಹೇಳುತ್ತಿದ್ದಾನೆಂದು ಓದುಗರಿಗೆ ಮಾತ್ರ ತಿಳಿಯುತ್ತದೆ’, ‘ಮಳೆ, ಮುಂದೆ ಬೇಕಾಗುತ್ತದೆ’, ಹೀಗೆ. ಕಥೆಯ ಆರಂಭ, ವೇಗ, ಎಲ್ಲಿ ಕತ್ತರಿಸಬೇಕು ಎಂಬುದನ್ನೆಲ್ಲ ಈ ಬಿಟ್ಟಿ ಕಲಿಕೆಯಿಂದಲೇ ಸಾಕಷ್ಟು ಸುಧಾರಿಸಿಕೊಂಡೆ. ಒಂದು ಮಾತ್ರ ಬಗೆಹರಿಯಲಿಲ್ಲ: ನನ್ನ ಕಥೆಗಳ ಕೊನೆ. ಕೊನೆಯಲ್ಲಿ ಏನೋ ಸೋರುತ್ತಿತ್ತು, ಎಲ್ಲಿಂದ ಎಂದು ನನಗೇ ಕಾಣುತ್ತಿರಲಿಲ್ಲ. ಮುಗಿಸಿದ ಕಥೆಗಳಿವೆ, ತೊಡಕು ಇಂಥಲ್ಲಿ ಎಂದು ಬೆರಳಿಟ್ಟು ತೋರಿಸಬಲ್ಲೆ, ಒಬ್ಬಳೇ ಬಿಡಿಸಿಕೊಳ್ಳಲಾರೆ. ತರಗತಿಗೆ ಸೇರಲು ಇದು ಸರಿಯಾದ ಹೊತ್ತು ಎಂದು ಆಗ ತೀರ್ಮಾನಿಸಿದೆ. ಖಾಲಿ ಹಾಳೆ ಹಿಡಿದು, ತರಗತಿಯೇ ಬರೆಸುತ್ತದೆ ಎಂದು ಹೋಗುವವರಿಗೆ ಅದು ಎಷ್ಟು ಕೆಲಸಕ್ಕೆ ಬರುತ್ತದೋ, ನನಗೆ ಅನುಮಾನ.

ಸೇರಿದ್ದು ಬಸವನಗುಡಿಯಲ್ಲಿ ಒಂದು ಮನೆಯ ಮಹಡಿಯ ಕೋಣೆಗೆ. ಪತ್ರಿಕೆಯೊಂದರಲ್ಲಿ ಸಾಪ್ತಾಹಿಕ ಪುಟ, ಕಥೆಗಳ ಪುಟ ಎಲ್ಲವನ್ನೂ ನೋಡಿಕೊಂಡು ನಿವೃತ್ತರಾದ ಒಬ್ಬರು ನಡೆಸುತ್ತಿದ್ದರು. ಅವರನ್ನೂ ಫೋನಿನಲ್ಲೇ ಕೇಳಿದ್ದೆ: ‘ಸರ್, ನನ್ನ ಕಥೆಯನ್ನು ನೀವು ಪೂರ್ತಿ ಓದುತ್ತೀರಾ? ಗುರುತು ಹಾಕಿಕೊಟ್ಟ ಒಂದು ಹಳೆಯ ಪ್ರತಿ ಇದ್ದರೆ ನೋಡಬಹುದೇ?’ ಎರಡನೆಯ ಪ್ರಶ್ನೆಗೆ ಬೇರೆ ಕೆಲವರು ತೊದಲಿದ್ದರು, ಒಬ್ಬರು ಫೋನನ್ನೇ ಇಟ್ಟಿದ್ದರು. ಇವರು ಮಾತ್ರ, ಬರೆದವರ ಒಪ್ಪಿಗೆ ಪಡೆದು, ಹೆಸರು ಮುಚ್ಚಿದ ಒಂದು ಪ್ರತಿಯ ಫೋಟೋ ಕಳುಹಿಸಿದರು. ಅಂಚಿನಲ್ಲಿ ಹೊಗಳಿಕೆ ಒಂದೇ ಕಡೆ ಇತ್ತು, ಅದೂ ಒಂದು ಕ್ರಿಯಾಪದಕ್ಕೆ. ಮಾವನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಓದಿ, ‘ಇವರು ಪರವಾಗಿಲ್ಲ’ ಎಂದರು.

ಒಟ್ಟು ಆರು ಜನ. ಯಾರ ಕಥೆಯ ಸರದಿಯೋ ಅವರು ವಾರ ಮೊದಲೇ ಎಲ್ಲರಿಗೂ ಪ್ರತಿ ಕೊಡಬೇಕು. ಚರ್ಚೆ ನಡೆಯುವಾಗ ಬಾಯಿ ತೆರೆಯಕೂಡದು. ಬರೆದವರು ಸುಮ್ಮನೆ ಕೇಳಿಸಿಕೊಳ್ಳುವ ಈ ಪದ್ಧತಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬರಹಗಾರರ ಕಮ್ಮಟದಿಂದ ಹೆಸರುವಾಸಿಯಾದದ್ದು. ಅದು 1936ರಿಂದ ನಡೆಯುತ್ತಿದೆ. ಅಲ್ಲಿಯೂ ಈಗ ಈ ಮೌನದ ನಿಯಮವನ್ನು ಪ್ರಶ್ನಿಸುವವರಿದ್ದಾರೆ. ಅವರ ವಾದದಲ್ಲೂ ಹುರುಳಿದೆ. ಆದರೆ ಇಂದಿರಾನಗರದಲ್ಲಿ ವಿವರಣೆ ಕೊಟ್ಟು ಗೆದ್ದಿದ್ದ ನನಗೆ ಬಾಯಿಗೆ ಬೀಗ ಬಿದ್ದದ್ದೇ ಒಳ್ಳೆಯದಾಯಿತು. ಪುಟದ ಮೇಲೆ ಇಲ್ಲದ್ದನ್ನು ಅಲ್ಲಿ ಯಾರೂ ನನ್ನ ಬಾಯಿಂದ ಕೇಳಲಿಲ್ಲ.

ನಾನು ಕೊಟ್ಟ ಕಥೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ವಿಮೆಯ ಹಣಕ್ಕಾಗಿ ಕಚೇರಿಗೆ ಬರುತ್ತಾಳೆ. ಹಳ್ಳಿಯವಳು, ಹೆಸರು ಬರೆಯಲು ಮಾತ್ರ ಕಲಿತವಳು. ಕೊನೆಯಲ್ಲಿ ಅವಳು ಕಾಗದಕ್ಕೆ ಸಹಿ ಹಾಕುತ್ತಾಳೆ. ಅನಂತರ ಗುಮಾಸ್ತೆ ಕಿಟಕಿಯ ಹೊರಗೆ ನೋಡುತ್ತ ಬದುಕು, ಸಾವು, ಅವುಗಳ ಬೆಲೆ ಎಂದೆಲ್ಲ ಯೋಚಿಸುವ ಹದಿನಾರು ಸಾಲು. ನನಗೆ ಆ ಸಾಲುಗಳ ಮೇಲೆ ಬಹಳ ಪ್ರೀತಿ.

ಗುಂಪಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರಿದ್ದರು. ಅವರು ಚಿಂತನೆಯ ತಂಟೆಗೇ ಹೋಗಲಿಲ್ಲ. ‘ಸಹಿ ಹಾಕಿದಳು ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಎಲ್ಲಿ ಹಾಕಿದಳು? ಪೆನ್ನು ಯಾರದು?’ ಎಂದರು. ನನಗೆ ಉತ್ತರ ಗೊತ್ತು, ಹೇಳುವ ಹಾಗಿಲ್ಲ. ಹಣ ಪಡೆಯುವ ರಸೀತಿಯ ಕಾಗದಕ್ಕೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ, ಅದರ ಮೇಲೆ ಅಡ್ಡಲಾಗಿ, ಕಾಗದಕ್ಕೂ ಚಾಚುವಂತೆ ಸಹಿ ಹಾಕಿಸುತ್ತೇವೆ. ದಿನವೂ ನೋಡುವ ಕೆಲಸ. ದೊಡ್ಡ ದೊಡ್ಡ ಅಕ್ಷರ ಬರೆಯುವವರು ಆ ಪುಟ್ಟ ಚೌಕದ ಮುಂದೆ ಕೈ ತಡೆಯುತ್ತಾರೆ; ಸ್ಟ್ಯಾಂಪಿನೊಳಗೇ ಹೆಸರು ಹಿಡಿಸಬೇಕೇನೋ ಎಂದು ಅಕ್ಷರಗಳನ್ನು ಕುಗ್ಗಿಸುತ್ತಾರೆ. ‘ಹೊರಗೂ ಬರಬೇಕಮ್ಮ’ ಎಂದು ನಾವು ಹೇಳಬೇಕಾಗುತ್ತದೆ. ಇದು ಕಚೇರಿಯ ಒಣ ವ್ಯವಹಾರ, ಸಾಹಿತ್ಯಕ್ಕೆ ಸಲ್ಲದು ಎಂದು ನಾನು ಕಥೆಯ ಹೊಸ್ತಿಲಾಚೆಗೇ ಇಟ್ಟಿದ್ದೆ.

ಪಾಠ ಹೇಳುತ್ತಿದ್ದವರು ಕೊನೆಗೆ ನನ್ನ ಪ್ರತಿಯನ್ನು ಮುಂದಿಟ್ಟು, ಹದಿನಾರು ಸಾಲುಗಳ ಸುತ್ತ ಪೆನ್ಸಿಲಿನಿಂದ ಒಂದು ಚೌಕ ಎಳೆದು, ‘ಇದು ಅವಳದಲ್ಲ, ಗುಮಾಸ್ತೆಯದೂ ಅಲ್ಲ. ಇದು ನಿಮ್ಮದು’ ಎಂದಷ್ಟೇ ಹೇಳಿದರು. ಹೊಡೆದು ಹಾಕಿ ಎನ್ನಲಿಲ್ಲ. ಮನೆಗೆ ಬಂದು ನಾನೇ ಹೊಡೆದು ಹಾಕಿದೆ. ಅವಳ ಹೆಸರಿನ ಮೊದಲೆರಡು ಅಕ್ಷರ ಸ್ಟ್ಯಾಂಪಿನ ಮೇಲೆ, ಉಳಿದದ್ದು ಕಾಗದದ ಮೇಲೆ. ಗುಮಾಸ್ತೆ ಹೇಳುವುದು ‘ಹೊರಗೂ ಬರಬೇಕಮ್ಮ’ ಎಂಬ ಒಂದು ಮಾತು. ಕಥೆ ಅಲ್ಲಿಗೆ ನಿಂತಿತು. ನನ್ನ ಹಳೆಯ ಕಥೆಗಳನ್ನು ತೆಗೆದು ನೋಡಿದರೆ ಎಲ್ಲದರ ಬಾಲದಲ್ಲೂ ಅದೇ ಕಿಟಕಿ, ಅದೇ ಚಿಂತನೆ. ಇದನ್ನು ಒಬ್ಬಳೇ ಕುಳಿತು ಇನ್ನೂ ಹತ್ತು ವರ್ಷ ನಕಲು ಮಾಡಿದರೂ ಕಾಣುತ್ತಿದ್ದೆನೋ ಇಲ್ಲವೋ.

ತರಗತಿಯ ಇನ್ನೊಂದು ಮುಖವನ್ನೂ ಹೇಳಬೇಕು. ಕಂತಿನ ಕೊನೆಯ ಹೊತ್ತಿಗೆ ನಮ್ಮೆಲ್ಲರ ಕಥೆಗಳಿಗೂ ಒಂದೇ ಮನೆಯ ಮಕ್ಕಳ ಮುಖಲಕ್ಷಣ ಬರತೊಡಗಿತ್ತು. ಪಾಠ ಹೇಳುವವರಿಗೆ ಕನಸುಗಳು ಹಿಡಿಸುತ್ತಿರಲಿಲ್ಲ, ಯಾರ ಕಥೆಯಲ್ಲೂ ಯಾರೂ ಕನಸು ಕಾಣದಾದರು. ವಿಶೇಷಣಗಳಿಗೆ ಎಲ್ಲರೂ ಹೆದರತೊಡಗಿದರು. ಉತ್ತರ ಕರ್ನಾಟಕದ ಹುಡುಗನೊಬ್ಬ ಇದ್ದ. ಅವನ ಗದ್ಯ ಮೊದಲು ಧಾರಾಳವಾಗಿ, ಸ್ವಲ್ಪ ಅಡ್ಡಾದಿಡ್ಡಿಯಾಗಿ ಹರಿಯುತ್ತಿತ್ತು. ಬರಬರುತ್ತ ಅದು ನಮ್ಮೆಲ್ಲರ ಗದ್ಯದಂತೆ ತೆಳ್ಳಗಾಯಿತು. ನನಗೆ ಅವನ ಮೊದಲ ಕಥೆಯೇ ಇಷ್ಟ, ಅವನಿಗೆ ಹಾಗೆಂದು ಹೇಳಿಯೂ ಇದ್ದೇನೆ. ಎಂಥ ಒಳ್ಳೆಯ ಮೇಷ್ಟರಾದರೂ ಅವರಿಗೊಂದು ರುಚಿ ಇರುತ್ತದೆ, ಶುಲ್ಕದ ಜೊತೆಗೆ ಅದನ್ನೂ ಕಟ್ಟಿಕೊಂಡು ಬರುತ್ತೇವೆ. ಎರಡನೆಯ ಕಂತು ಶುರುವಾದಾಗ ನಾನು ಸೇರಲಿಲ್ಲ. ಅವರೇ, ‘ಸಾಕು, ನಿಮಗೆ ನನ್ನಿಂದ ಆಗಬೇಕಾದದ್ದು ಆಗಿದೆ’ ಎಂದರು. ಶುಲ್ಕ ಬಿಟ್ಟುಕೊಟ್ಟು ಹಾಗೆ ಹೇಳಿದ ಅವರ ಮೇಲೆ ನನ್ನ ಗೌರವ ಹೆಚ್ಚಾಯಿತು.

ಆ ಸಹಿಯ ಕಥೆ ಅಚ್ಚಾಯಿತು. ಬಂದ ಗೌರವಧನ ತರಗತಿಯ ಶುಲ್ಕದ ಆರನೆಯ ಒಂದು ಭಾಗವೂ ಇರಲಿಲ್ಲ. ಬರೆದು ದುಡ್ಡು ವಾಪಸು ತೆಗೆಯುತ್ತೇನೆ ಎಂದು ಸೇರುವವರು ಕನ್ನಡದ ಪತ್ರಿಕೆಗಳ ಗೌರವಧನವನ್ನು ಮೊದಲು ವಿಚಾರಿಸಿಕೊಳ್ಳುವುದು ಮೇಲು.

ಈಗ ಶಿಕ್ಷಕಿ, ಆ ಹುಡುಗ ಮತ್ತು ನಾನು ಮೂವರೇ ಕಥೆಗಳನ್ನು ಅದಲುಬದಲು ಮಾಡಿಕೊಳ್ಳುತ್ತೇವೆ. ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಇಳಿದು ಗಾಂಧಿ ಬಜಾರಿನ ಕಡೆ ನಡೆದರೆ ಒಂದು ಹೋಟೆಲು, ಭಾನುವಾರ ಹತ್ತೂವರೆ ದಾಟಿದ ಮೇಲೆ ಅಲ್ಲಿ ಜಾಗ ಸಿಗುತ್ತದೆ. ಕಾಗದದ ಮೇಲೆ ಬರೆದು ತರದ ಅಭಿಪ್ರಾಯಕ್ಕೆ ಅಲ್ಲಿ ಬೆಲೆಯಿಲ್ಲ. ತಪ್ಪಿಸಿದವರು ಕಾಫಿಯ ಬಿಲ್ಲು ಕೊಡಬೇಕು. ಶಿಕ್ಷಕಿಯ ಕಾದಂಬರಿಯ ಮೂರನೆಯ ಅಧ್ಯಾಯ ಸದ್ಯ ನನ್ನ ಬ್ಯಾಗಿನಲ್ಲಿದೆ. ಮದುವೆಯ ಊಟದ ಪ್ರಸಂಗ ಎರಡು ಪುಟ ಹೆಚ್ಚಾಯಿತು ಎಂದು ಬರೆದಿಟ್ಟಿದ್ದೇನೆ. ಅವರು ಒಪ್ಪುವುದಿಲ್ಲ, ಹೋಳಿಗೆ ಬಡಿಸುವ ಭಾಗವನ್ನಾದರೂ ಉಳಿಸಿ ಎಂದು ಹುಡುಗ ಅವರ ಪರ ವಹಿಸುತ್ತಾನೆ.